ಐದೇ ನಿಮಿಷದಲ್ಲಿ ಉತ್ತರ ಕೊಡುವವರು

ಬೆಂಗಳೂರಿನ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿರುವ ಓದುಗರೊಬ್ಬರ ಪತ್ರ ನಾಲ್ಕು ದಿನದಿಂದ ನನ್ನ ತಲೆ ತಿನ್ನುತ್ತಿದೆ. ಅವರ ಜಿಮೇಲ್‌ನಲ್ಲಿ ಓದದೆ ಬಿದ್ದಿರುವ ಮೇಲ್ 14,326. ದಿನಾ ಬೆಳಿಗ್ಗೆ ಅರ್ಧ ಗಂಟೆ ಕೂತು ಅಳಿಸುತ್ತಾರೆ. ಸಂಜೆಗೆ ಮತ್ತೆ ಅಷ್ಟೇ. ಜಿಎಸ್‌ಟಿ ರಿಟರ್ನ್‌ಗೆ 20ನೇ ತಾರೀಕು ಕೊನೆ ದಿನ. ಹೋದ ತಿಂಗಳು 19ರ ರಾತ್ರಿ ಹನ್ನೊಂದಕ್ಕೆ ಲೆಕ್ಕ ತಾಳೆ ನೋಡುತ್ತಿದ್ದಾಗ ಒಂದು ಮೇಲ್ ಬಂತಂತೆ. ನೋಡಿದರು, ಉತ್ತರ ಬರೆದರು. ವಾಪಸ್ ಬರುವಷ್ಟರಲ್ಲಿ ಯಾವ ಸಾಲಿನಲ್ಲಿದ್ದೆ ಅನ್ನುವುದೇ ಮರೆತಿತ್ತು. ಒಂದು ಬಿಲ್ ಬಿಟ್ಟುಹೋಯಿತು, ಬೈಸಿಕೊಂಡರು. “ನನಗೆ ಏಕಾಗ್ರತೆಯೇ ಇಲ್ಲ, ಧ್ಯಾನದ ಕ್ಲಾಸಿಗೆ ಸೇರಲಾ?” ಅಂತ ಕೇಳಿದ್ದಾರೆ.

ಬೇಡ. ಆ ದುಡ್ಡಲ್ಲಿ ಒಂದು ಒಳ್ಳೆ ಕುರ್ಚಿ ತಗೊಳ್ಳಿ.

ಪತ್ರದ ಕೊನೆಗೆ, ಸಹಿಗೆ ಸ್ವಲ್ಪ ಮುಂಚೆ, ನೀವು ಒಂದು ಮಾತು ತೂರಿಸಿದ್ದೀರಿ: “ಐದೇ ನಿಮಿಷದಲ್ಲಿ ಉತ್ತರ ಕೊಡ್ತಾರೆ ಅಂತ ಆಫೀಸಲ್ಲಿ ನನಗೆ ಒಳ್ಳೆ ಹೆಸರಿದೆ.” ಮಾರಾಯ್ರೇ, ಇದನ್ನಲ್ವಾ ಮೊದಲು ಬರೆಯಬೇಕಿದ್ದದ್ದು! ಆ 14 ಸಾವಿರ ಮೇಲ್ ಪಾಪ ಬಿದ್ದಲ್ಲೇ ಬಿದ್ದಿವೆ. 19ರ ರಾತ್ರಿ ನಿಮ್ಮನ್ನು ಎಬ್ಬಿಸಿದ್ದು ಆಗಷ್ಟೇ ಬಂದ ಒಂದೇ ಒಂದು ಮೇಲ್. ರಾತ್ರಿ ಹನ್ನೊಂದಕ್ಕೂ ಆ ಹೆಸರು ಉಳಿಸಿಕೊಳ್ಳಲು ಹೋದಿರಿ. ಇಲ್ಲಿ ಎಷ್ಟು ಸಲ ಬರೆದಿದ್ದೇನೋ, ಮತ್ತೆ ಬರೆಯುತ್ತೇನೆ: ಕೂಗಿದ ಕೂಡಲೇ ಓಡಿ ಬರುವವರನ್ನೇ ಜನ ಜಾಸ್ತಿ ಕೂಗುತ್ತಾರೆ. ಅತ್ತೆ ಮನೆಯಲ್ಲೂ ಹಾಗೇ, ಆಫೀಸಲ್ಲೂ ಹಾಗೇ.

ನಿಮ್ಮ ಮ್ಯಾನೇಜರನ್ನು ಒಂದು ಪುಟ ಬೈದಿದ್ದೀರಿ. ನನಗೆ ಅವರ ಮೇಲೆ ಅಷ್ಟು ಸಿಟ್ಟಿಲ್ಲ. ದಿನಕ್ಕೆ ನಾಲ್ಕು ಮೇಲ್ ಕಳಿಸುತ್ತಾರೆ, ನಾಲ್ಕೂ ಕೆಲಸದ್ದೇ. ನನಗೆ ಮೈ ಉರಿದದ್ದು ಪಕ್ಕದ ಸೀಟಿನ ಆ ಮಹಾನುಭಾವರ ಮೇಲೆ. ಮೇಲ್ ಕಳಿಸಿ, ಎರಡು ನಿಮಿಷಕ್ಕೆ ವಾಟ್ಸ್ಆ್ಯಪ್‌ನಲ್ಲಿ “ಮೇಲ್ ನೋಡಿದ್ರಾ?” ಅಂತಾರೆ. ಊಟ ಮುಗಿಸಿ ಬರುವಷ್ಟರಲ್ಲಿ ‘ಜೆಂಟಲ್ ರಿಮೈಂಡರ್’. ಸಿಸಿಯಲ್ಲಿ ಹನ್ನೆರಡು ಜನ. ಸಿಸಿ ಅಂದರೆ ಕಾರ್ಬನ್ ಕಾಪಿ. ಟೈಪ್‌ರೈಟರ್ ಕಾಲದಲ್ಲಿ ನಾಲ್ಕು ಪ್ರತಿ ಬೇಕು ಅಂದರೆ ನಡುನಡುವೆ ಕಾರ್ಬನ್ ಹಾಳೆ ಇಟ್ಟು ಗಟ್ಟಿಯಾಗಿ ಕುಟ್ಟಬೇಕಿತ್ತು. ಕೊನೇ ಪ್ರತಿ ಓದಲಿಕ್ಕೂ ಆಗುತ್ತಿರಲಿಲ್ಲ, ಬೆರಳೆಲ್ಲ ಮಸಿ. ಹಾಗಾಗಿ ಯಾರಿಗೆ ಪ್ರತಿ ಬೇಕು ಅಂತ ಜನ ಯೋಚಿಸುತ್ತಿದ್ದರು. ಈಗ ಈ ಮನುಷ್ಯನಿಗೆ ಯಾವ ಮಸಿಯೂ ಇಲ್ಲ.

ಹಳೇ ರಾಶಿಯ ವಿಷಯ ಬೇಗ ಮುಗಿಸೋಣ. ತಿಂಗಳಿಗಿಂತ ಹಳೆಯದನ್ನೆಲ್ಲ ಒಟ್ಟಿಗೆ ಆಯ್ದು ‘ಆರ್ಕೈವ್’ ಒತ್ತಿ. ಅಳಿಸಿಹೋಗುವುದಿಲ್ಲ, ‘ಆಲ್ ಮೇಲ್’ನಲ್ಲಿ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಜಾಗವೇನೂ ಉಳಿಯದು, ಕಣ್ಣೆದುರಿಂದ ಹೋಗುತ್ತದೆ, ಅಷ್ಟೇ. ದಿನಾ ಬೆಳಿಗ್ಗೆ ಅರ್ಧ ಗಂಟೆ ಅಳಿಸುವ ಆ ವ್ರತ ಇವತ್ತಿಗೆ ಸಾಕು.

ಇನ್ನು ಮಾಡಬೇಕಾದದ್ದು ಒಂದೇ. ಫೋನ್, ಕಂಪ್ಯೂಟರ್ ಎರಡರಲ್ಲೂ ಮೇಲ್ ನೋಟಿಫಿಕೇಶನ್ ಬಂದ್ ಮಾಡಿ. ಹತ್ತು ಗಂಟೆಗೆ, ಒಂದೂವರೆಗೆ, ನಾಲ್ಕೂವರೆಗೆ ಮಾತ್ರ ತೆಗೆದು ನೋಡಿ. ಮೂರು ಸಲ ಅನ್ನುವುದು ನನ್ನ ತಲೆಯಿಂದ ಹುಟ್ಟಿದ್ದಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 124 ಜನರನ್ನು ಒಂದು ವಾರ ಹೀಗೆ ಇರಿಸಿ, ಇನ್ನೊಂದು ವಾರ ಬೇಕಾದಷ್ಟು ಸಲ ನೋಡಲು ಬಿಟ್ಟರು. ಮೂರು ಸಲದ ವಾರದಲ್ಲಿ ಒತ್ತಡ ಕಡಿಮೆ ಇತ್ತು ಅಂತ 2015ರಲ್ಲಿ ಪ್ರಕಟಿಸಿದರು. ಮೊದಲ ಎರಡು ದಿನ ಕೈ ಸುಮ್ನೆ ಫೋನಿನ ಕಡೆ ಹೋಗುತ್ತದೆ. ಹೋಗಲಿ.

ಮ್ಯಾನೇಜರಿಗೆ ಒಂದು ಮಾತು ಹೇಳಿಡಿ: ತುರ್ತಿದ್ದರೆ ಫೋನ್ ಮಾಡಿ ಸರ್. ಪಕ್ಕದ ಸೀಟಿನವರಿಗೆ ಅದನ್ನೂ ಹೇಳಬೇಡಿ. ಅವರು ಬಂದು “ಮೇಲ್ ನೋಡಿದ್ರಾ?” ಅಂದಾಗ, ತಲೆ ಎತ್ತದೆ “ಒಂದೂವರೆಗೆ ನೋಡ್ತೀನಿ” ಅನ್ನಿ. ಯಾಕೆ ಅಂತ ಕೇಳಿದರೂ ಅದನ್ನೇ ಅನ್ನಿ.