ಕೋವಿಡ್‌ನಲ್ಲಿ ಹೋದವರ ನೆನಪಿಗೆ ಊರಿನ ಗೋಡೆಯ ಮೇಲೆ ಏನು ಬರೆಯುವುದು?

ಊರಿನ ಗ್ರಂಥಾಲಯದ ಕಾಂಪೌಂಡ್ ಗೋಡೆ ಸಿಕ್ಕಿದೆ, ಕೋವಿಡ್‌ನಲ್ಲಿ ತೀರಿಕೊಂಡ ಊರವರ ನೆನಪಿಗೆ ಎಲ್ಲರೂ ಸೇರಿ ಅದರ ಮೇಲೆ ಏನಾದರೂ ಬರೆಯಬೇಕು, ವಿನ್ಯಾಸ ಹೇಗಿರಲಿ ಎಂದು ಕೇಳಿದ್ದೀರಿ. ಚಿತ್ರದ ಮಾತು ಆಮೇಲಿರಲಿ. ಐದು ವರ್ಷ ಬಿಟ್ಟು ಆ ಗೋಡೆಗೆ ಮತ್ತೆ ಬಣ್ಣ ಹಚ್ಚುವವರು ಯಾರು ಎಂಬುದನ್ನು ಮೊದಲು ತೀರ್ಮಾನ ಮಾಡಿಕೊಳ್ಳಿ. ಲಂಡನ್ನಿನ ಒಂದು ಗೋಡೆಯ ಮುಂದೆ ನಿಂತಾಗ ನನಗೆ ಹೊಳೆದದ್ದು ಇದು.

ನನ್ನ ಸೋದರಮಾವ ಅಲ್ಲೇ ನೆಲೆಸಿದ್ದವರು. 2021ರ ಜನವರಿಯಲ್ಲಿ ಕೋವಿಡ್ ಬಂದು ಹೋಗಿಬಿಟ್ಟರು. ನಾವು ತಿಪಟೂರಿನಲ್ಲಿ ಕೂತು ಮೊಬೈಲಿನಲ್ಲಿ ಅಂತ್ಯಕ್ರಿಯೆ ನೋಡಿದೆವು. ನಡುವೆ ನೆಟ್‌ವರ್ಕ್ ಹೋಯಿತು, ಅದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಮ್ಮನಿಗೆ ತಮ್ಮನ ಮುಖ ನೋಡುವುದಕ್ಕೂ ಆಗಲಿಲ್ಲ.

ಅದೇ ವರ್ಷ ಮಾರ್ಚ್ 29ರಂದು ಥೇಮ್ಸ್ ನದಿಯ ದಂಡೆಯಲ್ಲಿ, ಸಂಸತ್ ಭವನಕ್ಕೆ ಎದುರಾಗಿ, ಸೇಂಟ್ ಥಾಮಸ್ ಆಸ್ಪತ್ರೆಯ ಪಕ್ಕದ ಗೋಡೆಯ ಮೇಲೆ ಕೆಂಪು ಹೃದಯಗಳನ್ನು ಬರೆಯಲು ಶುರು ಮಾಡಿದರು. ಬರೆದವರು ತಮ್ಮವರನ್ನು ಕಳೆದುಕೊಂಡ ಮನೆಯವರು, ಅವರ ಜೊತೆ ಕೈಜೋಡಿಸಿದ ಸ್ವಯಂಸೇವಕರು. ತೀರಿಕೊಂಡ ಒಬ್ಬೊಬ್ಬರಿಗೆ ಒಂದೊಂದು ಹೃದಯ, ಎಲ್ಲವೂ ಕೈಯಲ್ಲೇ ಬರೆದದ್ದು, ಆದ್ದರಿಂದ ಒಂದರಂತೆ ಇನ್ನೊಂದಿಲ್ಲ. ಕೆಲವೇ ದಿನಗಳಲ್ಲಿ ಸುಮಾರು ಒಂದೂವರೆ ಲಕ್ಷ ಹೃದಯಗಳಾದವು. ಆಮೇಲೆ ಎರಡು ಲಕ್ಷವನ್ನೂ ದಾಟಿದವು. ಗೋಡೆ ಹತ್ತಿರಹತ್ತಿರ ಅರ್ಧ ಕಿಲೋಮೀಟರ್ ಉದ್ದ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುವಾಗ ಸಂಖ್ಯೆ ಎಂಬುದು ಕಾಲಿಗೆ ತಿಳಿಯುತ್ತದೆ.

ನಾನು ಹೋದದ್ದು ಮರುವರ್ಷದ ಬೇಸಿಗೆಯಲ್ಲಿ. ಮಾವನ ಹೆಸರಿನ ಹೃದಯವನ್ನು ಅತ್ತೆ ಹುಡುಕಿ ತೋರಿಸಿದರು. ಅಂಗೈಯಗಲ ಅಷ್ಟೇ. ಒಳಗೆ ಕನ್ನಡದಲ್ಲಿ ಹೆಸರು, ಕೆಳಗೆ ‘ತಿಪಟೂರು’ ಎಂದು ಬರೆದಿದ್ದರಂತೆ. ಕೆಂಪು ಹೋಗಿ ಮಾಸಲು ಗುಲಾಬಿಯಾಗಿತ್ತು, ಹೆಸರು ಪೂರ್ತಿ ಅಳಿಸಿತ್ತು, ಊರಿನಲ್ಲಿ ‘ಪಟೂ’ ಮಾತ್ರ ಉಳಿದಿತ್ತು. ಮೊದಲು ಬಳಸಿದ ಪೇಂಟ್ ಪೆನ್ನಿನ ಬಣ್ಣ ಬಿಸಿಲು ಮಳೆಗೆ ನಿಲ್ಲಲಿಲ್ಲ. ಅದಕ್ಕೇ ಅಲ್ಲಿ ಒಂದಷ್ಟು ಜನ ಪ್ರತಿ ಶುಕ್ರವಾರ ಬಂದು ಗಟ್ಟಿ ಬಣ್ಣದಲ್ಲಿ ಹೃದಯಗಳನ್ನು ಮತ್ತೆ ತುಂಬುತ್ತಾರೆ. ಅವತ್ತು ಡಬ್ಬಿ ಹಿಡಿದು ಬಂದ ಹೆಂಗಸೊಬ್ಬರು ಅತ್ತೆಯನ್ನು ಕೇಳಿದರು: “ಹಳೆಯ ಫೋಟೋ ಇದೆಯಾ? ನನಗೆ ಈ ಲಿಪಿ ಓದಲು ಬರುವುದಿಲ್ಲ, ಆದರೆ ನೋಡಿಕೊಂಡು ತಪ್ಪಿಲ್ಲದೆ ಬರೆಯಬಲ್ಲೆ.” ಅತ್ತೆ ಕುಂಚ ಇಸಿದುಕೊಂಡು ತಾವೇ ಬರೆದರು. ‘ರು’ ಬರೆಯುವಾಗ ಕೈ ನಡುಗಿ ಕೊಂಬು ಉದ್ದವಾಯಿತು. ಅದನ್ನು ತಿದ್ದಲಿಲ್ಲ. ಮಾವ ಹೋದ ಮೇಲೆ ಅವರ ಸಲುವಾಗಿ ಅತ್ತೆ ಕೈಯಾರೆ ಮಾಡಿದ ಕೆಲಸ ಅದೊಂದೇ. ಆಸ್ಪತ್ರೆಯಲ್ಲಿ ಹತ್ತಿರ ಬಿಡಲಿಲ್ಲ, ಚಟ್ಟಕ್ಕೆ ಹೂವು ಇಡಲಿಲ್ಲ, ಒಂದು ತುತ್ತು ಬಡಿಸಲಿಲ್ಲ. ಅವರಿಗೆ ಬೇಕಾಗಿದ್ದದ್ದು ಕೈಗೊಂದು ಕೆಲಸ. ನಿಮ್ಮೂರಿನಲ್ಲೂ ಇಂಥವರು ಇದ್ದೇ ಇರುತ್ತಾರೆ, ನಿಮ್ಮ ಗೋಡೆ ಮೊದಲು ಅವರದು.

ವೆನಿಸ್ ಊರಿನವರು 1630ರ ಪ್ಲೇಗ್ ಕಾಲದಲ್ಲಿ ಹರಕೆ ಹೊತ್ತು ಒಂದು ದೊಡ್ಡ ಇಗರ್ಜಿ ಕಟ್ಟಿಸಿದರು. ಅಲ್ಲಿಗೆ ನಡೆದು ಹೋಗಲು ಈಗಲೂ ನವೆಂಬರ್ 21ರ ಹಬ್ಬಕ್ಕೆಂದು ಪ್ರತಿ ವರ್ಷ ಕಾಲುವೆಗೆ ಅಡ್ಡಲಾಗಿ ತಾತ್ಕಾಲಿಕ ಸೇತುವೆ ಹಾಕುತ್ತಾರೆ, ಮುಗಿದ ಮೇಲೆ ಬಿಚ್ಚುತ್ತಾರೆ. ಬೆಂಗಳೂರಿನಲ್ಲಿ 1898ರ ಪ್ಲೇಗ್ ಅನ್ನು ಎಷ್ಟೋ ಜನ ಮರೆತಿದ್ದರೂ ಪ್ಲೇಗ್ ಮಾರಮ್ಮನಿಗೆ ಪೂಜೆ ನಿಂತಿಲ್ಲ. ನಮ್ಮ ವೀರಗಲ್ಲುಗಳನ್ನೂ ನೋಡಿ. ಸತ್ತವನು ಯಾರು, ಹೇಗೆ ಸತ್ತ, ಕಲ್ಲು ನಿಲ್ಲಿಸಿದವರು ಯಾರು ಎಂಬುದರ ಜೊತೆಗೆ, ಎಷ್ಟೋ ಕಲ್ಲುಗಳಲ್ಲಿ ಅವನ ಮನೆಯವರಿಗೆ ಕಲ್ನಾಡು, ನೆತ್ತರುಗೊಡಗೆ ಎಂದು ಭೂಮಿ ಬಿಟ್ಟ ಲೆಕ್ಕವೂ ಇರುತ್ತದೆ.

ನೆನಪು ಉಳಿಯುವುದು ಉಳಿದವರು ಮತ್ತೆ ಮತ್ತೆ ಮಾಡುವ ಕೆಲಸದಲ್ಲಿ. ಹಾಗಾಗಿ ನಿಮ್ಮ ಗೋಡೆಗೆ ನನ್ನ ಸಲಹೆ ಸುಣ್ಣ ಮತ್ತು ಕೆಮ್ಮಣ್ಣು. ಬಿಳಿ ಸುಣ್ಣದ ಮೇಲೆ ಕೆಮ್ಮಣ್ಣಿನಲ್ಲಿ ಹೆಸರುಗಳು. ಅಂಗಡಿಯ ಅಗ್ಗದ ಕೆಂಪು ಬಿಸಿಲಿಗೆ ಬೇಗ ಬೆಳ್ಳಗಾಗುತ್ತದೆ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ತುಕ್ಕಿನ ಬಣ್ಣ, ಬಿಸಿಲಿಗೂ ಸುಣ್ಣದ ಖಾರಕ್ಕೂ ಜಗ್ಗುವುದಿಲ್ಲ. ಸುಣ್ಣ ಮಾತ್ರ ಮಳೆಗೆ ತೊಳೆದು ಹೋಗುತ್ತದೆ, ಹೋಗಲಿ. ಹಬ್ಬಕ್ಕೆ ಮನೆಗೆ ಸುಣ್ಣ ಬಳಿಯುವುದು ನಮಗೆ ಯಾರೂ ಹೇಳಿಕೊಡಬೇಕಾದ ಕೆಲಸವಲ್ಲ. ಮೇ ತಿಂಗಳ ಒಂದು ಭಾನುವಾರ ಗೊತ್ತು ಮಾಡಿ. 2021ರಲ್ಲಿ ಎರಡನೇ ಅಲೆ ಹೊಡೆದದ್ದು ಆ ದಿನಗಳಲ್ಲೇ. ಮಕ್ಕಳಿಗೆ ರಜೆ ಇರುತ್ತದೆ, ಮಳೆಗಾಲ ಇನ್ನೂ ಶುರುವಾಗಿರುವುದಿಲ್ಲ. ಪಿತೃಪಕ್ಷಕ್ಕೆ ಇಟ್ಟುಕೊಂಡರೆ ಸಾಬರ ಓಣಿಯವರು, ಕ್ರೈಸ್ತರು ಹೊರಗುಳಿಯುತ್ತಾರೆ. ರೋಗ ಯಾರನ್ನೂ ಹಾಗೆ ಬಿಡಲಿಲ್ಲವಲ್ಲ.

ಹೆಸರುಗಳ ಪಟ್ಟಿ ಬರೆದಿಟ್ಟ ಪುಸ್ತಕವೊಂದು ಗ್ರಂಥಾಲಯದ ಒಳಗೇ ಇರಲಿ, ಗೋಡೆ ತೊಳೆದುಹೋದರೂ ಅದನ್ನು ನೋಡಿಕೊಂಡು ಮತ್ತೆ ಬರೆಯಬಹುದು. ಹೆಸರು ಸೇರಿಸಲು ಬಂದವರ ಹತ್ತಿರ ದಾಖಲೆ ಕೇಳಬೇಡಿ. ನಮ್ಮ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರುವುದಿಲ್ಲ. ಹಾಸಿಗೆ ಸಿಗದೆ ಮನೆಯಲ್ಲೇ ಹೋದವರಿಗೆ ಪರೀಕ್ಷೆಯ ಚೀಟಿಯೂ ಇಲ್ಲ. ಮನೆಯವರು ಹೇಳಿದರೆ ಸಾಕು. ಎಲ್ಲ ಹೆಸರೂ ಒಂದೇ ಅಳತೆಯಲ್ಲಿರಲಿ. ದಾನಿಗಳ ಹೆಸರು, ಮುಖಂಡರ ಫೋಟೋ ಆ ಗೋಡೆಯ ಮೇಲೆ ಬೇಡವೇ ಬೇಡ. ಮುಳ್ಳುಮುಳ್ಳಿನ ವೈರಸ್ ಚೆಂಡೂ ಬೇಡ. ಗಂಡನನ್ನು ಕಳೆದುಕೊಂಡವರು ಅವನನ್ನು ಕೊಂದದ್ದರ ಚಿತ್ರವನ್ನು ದಿನಾ ದಾರಿಯಲ್ಲಿ ಯಾಕೆ ನೋಡಬೇಕು?

ನೆಲದಿಂದ ಒಂದೂವರೆ ಅಡಿ ಬಿಟ್ಟು ಬರೆಯಿರಿ, ಬುಡದಲ್ಲಿ ತೇವ ಏರಿ ಬಿಳಿ ಉಪ್ಪು ಕಾಣಿಸಿಕೊಳ್ಳುತ್ತದೆ. ಮೇಲೆ ಐದಡಿ ದಾಟಬೇಡಿ, ಮುಟ್ಟಲು ಬರುವವರಲ್ಲಿ ವಯಸ್ಸಾದವರೇ ಹೆಚ್ಚು. ಎದುರಿಗೊಂದು ಕಲ್ಲುಬೆಂಚು ಹಾಕಿಸಿ. ಗೋಡೆ ಸಿಮೆಂಟಿನದೋ ಇಟ್ಟಿಗೆಯದೋ, ಹಳೆಯ ಎಮಲ್ಷನ್ ಪೇಂಟ್ ಇದೆಯೋ ತಿಳಿಸಿ. ಎಮಲ್ಷನ್ ಇದ್ದರೆ ಸುಣ್ಣ ಹಿಡಿಯುವುದಿಲ್ಲ, ಮೊದಲು ಕೆರೆದು ತೆಗೆಯಬೇಕಾಗುತ್ತದೆ.