‘ಟೆನ್ಷನ್’ ಇಲ್ಲದವರಿಗೂ ಬಿಪಿ ಏಕೆ?

ಮಾನ್ಯ ಓದುಗರೇ,

ತಂದೆಯವರ ಚೀಟಿಯಲ್ಲಿ ವೈದ್ಯರು ‘ಎಸೆನ್ಷಿಯಲ್ ಹೈಪರ್‌ಟೆನ್ಷನ್’ ಎಂದು ಬರೆದಿದ್ದರೆಂದೂ, ನಿವೃತ್ತಿಯ ನಂತರ ತಮಗೆ ಯಾವ ಟೆನ್ಷನ್ನೂ ಇಲ್ಲವೆಂದು ಅವರು ಎರಡು ತಿಂಗಳಿಂದ ಮಾತ್ರೆ ನಿಲ್ಲಿಸಿದ್ದಾರೆಂದೂ ಬರೆದಿದ್ದೀರಿ. ನಮ್ಮ ಆರೋಗ್ಯ ಪುಟದಲ್ಲಿ ಕಾಯಿಲೆಗಳಿಗೆ ಕನ್ನಡದ ಹೆಸರನ್ನೇ ಬಳಸಿದರೆ ಇಂಥ ಗೊಂದಲ ತಪ್ಪುವುದಿಲ್ಲವೇ ಎಂದೂ ಕೇಳಿದ್ದೀರಿ.

ಮೊದಲು ತಂದೆಯವರ ವಿಷಯ, ಅದು ಮುಂದೂಡುವಂಥದ್ದಲ್ಲ. ಚೀಟಿಯಲ್ಲಿರುವ ‘ಟೆನ್ಷನ್’ ಮನಸ್ಸಿನದಲ್ಲ, ಹರಿಯುವ ರಕ್ತವು ರಕ್ತನಾಳದ ಗೋಡೆಯ ಮೇಲೆ ಹಾಕುವ ಒತ್ತಡ, ಅಂದರೆ ಬಿಪಿ. ‘ಎಸೆನ್ಷಿಯಲ್’ ಎಂಬುದಕ್ಕೆ ಅಗತ್ಯವಾದದ್ದು ಎಂಬ ಅರ್ಥವೂ ಇಲ್ಲಿಲ್ಲ. ಬಿಪಿ ಏರಲು ಬೇರೊಂದು ನಿರ್ದಿಷ್ಟ ಕಾಯಿಲೆ ಕಾರಣವೆಂದು ಕಂಡುಬಂದಿಲ್ಲ ಎಂದಷ್ಟೇ ಅದರ ಅರ್ಥ, ಮತ್ತು ಬಿಪಿ ಇರುವ ವಯಸ್ಕರಲ್ಲಿ ಹೆಚ್ಚಿನವರದು ಇದೇ ಬಗೆ. ಬಿಪಿ ಅಳೆದಾಗ ಬರೆಯುವ ಎರಡು ಅಂಕಿಗಳಲ್ಲಿ ಮೇಲಿನದು ಹೃದಯ ಹಿಂಡಿಕೊಂಡಾಗಿನ ಒತ್ತಡವನ್ನೂ, ಕೆಳಗಿನದು ಅದು ಸಡಿಲಗೊಂಡಾಗಿನ ಒತ್ತಡವನ್ನೂ ತೋರಿಸುತ್ತದೆ. ಎರಡು ಬೇರೆ ದಿನ ಅಳೆದಾಗಲೂ ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿದರೆ ಅಥವಾ ದಾಟಿದರೆ ಅದನ್ನು ಅಧಿಕವೆಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. ಬಿಪಿ ಏರಿರುವುದು ಬಹುಮಟ್ಟಿಗೆ ಅನುಭವಕ್ಕೇ ಬರುವುದಿಲ್ಲ. ಆದ್ದರಿಂದ ‘ಆರಾಮಾಗಿದ್ದೇನೆ’ ಎಂಬುದು ಬಿಪಿ ಇಳಿದಿದೆ ಎನ್ನಲು ಸಾಕ್ಷಿಯಾಗದು, ಮತ್ತು ಗೊತ್ತಾಗದೆಯೇ ಅದು ಮಿದುಳು, ಹೃದಯ, ಮೂತ್ರಪಿಂಡ, ಕಣ್ಣುಗಳನ್ನು ಹಾಳುಮಾಡುತ್ತ ಹೋಗಬಹುದು. ದಯವಿಟ್ಟು ಈ ವಾರವೇ ಹಳೆಯ ಚೀಟಿಯೊಂದಿಗೆ ಅವರನ್ನು ವೈದ್ಯರ ಬಳಿ ಕರೆದೊಯ್ದು, ಮಾತ್ರೆ ಯಾವಾಗಿನಿಂದ ನಿಂತಿದೆ ಎಂಬುದನ್ನು ಮುಚ್ಚಿಡದೆ ತಿಳಿಸಿ. ನಡುವೆ ಎದೆನೋವು ಬಂದರೆ, ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸ್ವಾಧೀನ ತಪ್ಪಿದರೆ ಒಂದು ಕ್ಷಣವೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು.

ಇನ್ನು ಕನ್ನಡದ ಹೆಸರಿನ ಮಾತು. ‘ಅಧಿಕ ರಕ್ತದೊತ್ತಡ’ ಎಂದು ಬರೆದರೂ, ‘ಕೆಲಸದ ಒತ್ತಡ’ ಎಂದು ದಿನವೂ ಆಡುವ ನಮ್ಮ ಕಿವಿಗೆ ಅದೇ ಚಿಂತೆಯ ಅರ್ಥ ಹೊಳೆಯುವ ಸಂಭವವಿದೆ. ಅಪರಿಚಿತ ಪದವಾದರೆ ಓದುಗರು ಅರ್ಥ ಕೇಳಿಯಾರು. ಪರಿಚಿತ ಪದವಾದರೆ ಅರ್ಥವಾಯಿತೆಂದೇ ಮುಂದೆ ಹೋಗುತ್ತಾರೆ ಎಂಬುದೇ ನನ್ನ ಆತಂಕ. ‘ಹಾರ್ಟ್ ಫೇಲ್ಯೂರ್’ ಅನ್ನು ‘ಹೃದಯ ವೈಫಲ್ಯ’ ಎಂದು ಬರೆದರೆ ಮನೆಯವರು ಹೃದಯವೇ ನಿಂತಿತೆಂದು ಕಂಗಾಲಾಗುತ್ತಾರೆ. ಅಲ್ಲಿ ಹೃದಯ ಬಡಿಯುತ್ತಲೇ ಇರುತ್ತದೆ, ಆದರೆ ದೇಹಕ್ಕೆ ಬೇಕಾದಷ್ಟು ರಕ್ತವನ್ನು ಸರಿಯಾಗಿ ತಳ್ಳಲಾರದು; ಹೀಗಾಗಿ ನೀರು ತುಂಬಿ ಕಾಲು ಊದುತ್ತದೆ, ಮೊಣಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿದರೆ ಬಿದ್ದ ಗುಳಿ ಸ್ವಲ್ಪ ಹೊತ್ತು ಹಾಗೇ ಉಳಿಯುತ್ತದೆ, ಅಂಗಾತ ಮಲಗಿದರೆ ಉಸಿರು ಕಟ್ಟುವುದರಿಂದ ರಾತ್ರಿ ಎರಡು ಮೂರು ದಿಂಬು ಬೇಕಾಗುತ್ತವೆ. ಇಷ್ಟನ್ನು ಹೇಳದೆ ಯಾವ ಭಾಷೆಯ ಹೆಸರು ಕೊಟ್ಟರೂ ರೋಗಿಗೆ ಉಪಯೋಗವಿಲ್ಲ.

ಆದ್ದರಿಂದ ಚೀಟಿಯಲ್ಲಿರುವ ಹೆಸರನ್ನು ನಾವು ಕೈಬಿಡುವುದಿಲ್ಲ, ಔಷಧಿ ಅಂಗಡಿಯಲ್ಲೂ ಮುಂದಿನ ವೈದ್ಯರಲ್ಲೂ ಅದೇ ಗುರುತು. ಆದರೆ ಮುಂದಿನ ಸಂಚಿಕೆಯಿಂದ ಆ ಹೆಸರಿನ ಪಕ್ಕದಲ್ಲೇ ದೇಹದೊಳಗೆ ನಡೆಯುವುದೇನು, ಮಾತ್ರೆ ಮಾಡುವ ಕೆಲಸವೇನು, ಅದನ್ನು ನಿಲ್ಲಿಸಿದರೆ ಏನಾದೀತು ಎಂಬುದನ್ನು ಬರೆಯುತ್ತೇವೆ. ತಂದೆಯವರೂ ವೈದ್ಯರ ಕೋಣೆಯಿಂದ ಏಳುವ ಮುನ್ನ, ‘ನನಗೆ ಅರ್ಥವಾದದ್ದು ಹೀಗೆ, ಸರಿಯೇ?’ ಎಂದು ತಮ್ಮದೇ ಮಾತಿನಲ್ಲಿ ಒಮ್ಮೆ ಹೇಳಿ ನೋಡಲಿ. ತಪ್ಪಿದ್ದರೆ ವೈದ್ಯರು ಅಲ್ಲಿಯೇ ತಿದ್ದುತ್ತಾರೆ.

– ಸಂಪಾದಕ