ರಾಜಹಂಸಗಡದ ಏರಿನಲ್ಲಿ ಎಲೆಕ್ಟ್ರಿಕ್ ಬೈಕ್ ಎಳೆಯುತ್ತದಾ?

ಇಬ್ಬರು ಕೂತು ಬೆಳಗಾವಿ ಹತ್ತಿರದ ರಾಜಹಂಸಗಡ ಕೋಟೆಯ ರಸ್ತೆ ಏರುವಾಗ ನಡುವೆ ನಿಲ್ಲಿಸಿದರೆ ಮತ್ತೆ ಎಳೆಯುತ್ತದಾ ಅಂತ ಕೇಳಿದ್ದೀರಿ. ಒಳ್ಳೆಯ ಬೈಕ್ ಆದರೆ ಖಂಡಿತ ಎಳೆಯುತ್ತದೆ ಸರ್. ಪೆಟ್ರೋಲ್ ಇಂಜಿನ್‌ಗೆ ಟಾರ್ಕ್ (ತಿರುಗಿಸುವ ಬಲ) ಬರಲು ಆರ್‌ಪಿಎಂ (ನಿಮಿಷಕ್ಕೆ ಸುತ್ತುವ ವೇಗ) ಏರಬೇಕು, ಅದಕ್ಕೇ ಹಾಫ್ ಕ್ಲಚ್ ಆಡಿಸುತ್ತೇವೆ ಅಲ್ವಾ? ಮೋಟಾರ್‌ಗೆ ನಿಂತಲ್ಲೇ ಪೂರ್ತಿ ಟಾರ್ಕ್ ಸಿಗುತ್ತದೆ. ಆದರೆ ಎಷ್ಟು ಕರೆಂಟ್ ಬಿಡಬೇಕು ಅನ್ನೋದು ಮೋಟಾರ್ ನಿಯಂತ್ರಿಸುವ ಕಂಟ್ರೋಲರ್ ಕೈಯಲ್ಲಿದೆ. ಬ್ಯಾಟರಿ ಉಳಿಸುವ ಇಕೋ ಮೋಡ್‌ನಲ್ಲಿ ಕಡಿಮೆ ಬಿಡುತ್ತದೆ, ಏರಿಗೆ ಮೋಡ್ ಬದಲಿಸಿ.

ಜಾಹೀರಾತಿನಲ್ಲಿ ಟಾರ್ಕ್ ಎಷ್ಟು ಅಂತ ಹೇಳುವ ನ್ಯೂಟನ್ ಮೀಟರ್ ಸಂಖ್ಯೆಯನ್ನು ಸುಮ್ನೆ ನಂಬಬೇಡಿ, ಅದು ಮೋಟಾರ್‌ನದ್ದೋ ಚಕ್ರದ್ದೋ ನೋಡಿ. ಮೋಟಾರ್‌ನಲ್ಲಿ 25 ಇದ್ದು ಗೇರ್ ಅನುಪಾತ 4 ಆದರೆ (ಮೋಟಾರ್ 4 ಸುತ್ತಿಗೆ ಚಕ್ರ 1 ಸುತ್ತು) ಚಕ್ರದಲ್ಲಿ ಸುಮಾರು 100 ಆಗುತ್ತದೆ. ಹೋಲಿಸುವಾಗ ಎರಡೂ ಬೈಕಿನ ಚಕ್ರದ ಟಾರ್ಕನ್ನೇ ಕೇಳಿ.

ಇನ್ನೊಂದು, ಏರಿನಲ್ಲಿ ಆಕ್ಸಿಲರೇಟರ್ ಹಿಡಿದೇ ಬೈಕ್ ನಿಲ್ಲಿಸಬೇಡಿ, ಬ್ರೇಕ್ ಹಿಡಿಯಿರಿ. ತಿರುಗದ ಮೋಟಾರ್‌ಗೆ ಜಾಸ್ತಿ ಕರೆಂಟ್ ಹೋದರೆ ಬೇಗ ಬಿಸಿಯಾಗುತ್ತದೆ. ಟೆಸ್ಟ್ ರೈಡ್‌ಗೆ ಮನೆಯವರನ್ನೂ ಹಿಂದೆ ಕೂರಿಸಿಕೊಂಡು ಹೋಗಿ.